ಅಮ್ಮನ ಹೆಸರಿನ ವಿಮಾನ, ಕುಣಿಸುವ ಹಾಡು

ಹಾಸ್ಟೆಲ್‌ನಲ್ಲಿದ್ದಾಗ ಒಂದು ಭಾನುವಾರ ನಮ್ಮ ಗೆಳೆಯನೊಬ್ಬ ಮೊಬೈಲ್‌ನಲ್ಲಿ ಒಂದು ಇಂಗ್ಲಿಷ್ ಹಾಡು ಹಾಕಿದ. ಪದ ಒಂದೂ ನಮಗೆ ಸರಿಯಾಗಿ ತಿಳಿಯಲಿಲ್ಲ. ರಾಗ ಮಾತ್ರ ಎರಡನೇ ಸಲಕ್ಕೇ ಬಾಯಿಗೆ ಬಂತು. ಬಟ್ಟೆ ಒಗೆಯುತ್ತಿದ್ದವನು ಬಕೆಟ್ ಬಡಿದು ತಾಳ ಹಾಕಿದ. ಇನ್ನಿಬ್ಬರು ಕುಣಿದರು. ಹಾಡು ಮುಗಿದ ಮೇಲೆ ಗೆಳೆಯ ಹೇಳಿದ: “ಇದು ಹಿರೋಶಿಮಾ ಮೇಲೆ ಬಾಂಬ್ ಹಾಕಿದ ವಿಮಾನದ ಹಾಡು ಕಣ್ರೋ.”

ಬಕೆಟ್ ಬಡಿಯುತ್ತಿದ್ದ ಕೈ ನಿಂತಿತು.

ಅವತ್ತು ನಮಗೆ ಹಾಡು ಕಟ್ಟಿದವರ ಮೇಲೆ ಸಿಟ್ಟು ಬಂದಿತ್ತು. ಅಷ್ಟು ಜನ ಸುಟ್ಟು ಸತ್ತ ಸಂಗತಿಗೆ ಇಂಥ ರಾಗವೇ? ಇದಕ್ಕೆ ಯಾರಾದರೂ ಕುಣಿಯುತ್ತಾರೆಯೇ ಎಂದು ಮಾತಾಡಿಕೊಂಡೆವು. ಆಮೇಲೆ ಆ ಹಾಡಿನ ಬಗ್ಗೆ, ಆ ವಿಮಾನದ ಬಗ್ಗೆ ಓದುತ್ತಾ ಹೋದೆವು. ಈಗ ನಮ್ಮ ಅಭಿಪ್ರಾಯ ಬದಲಾಗಿದೆ. ಆ ರಾಗ ಹಾಗೆ ಇರುವುದೇ ಸರಿ ಎಂದು ನಮಗೆ ಅನಿಸಿದೆ. ಯಾಕೆ ಎಂದು ಹೇಳುತ್ತೇವೆ, ಓದಿ ನೋಡಿ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಹಾಡು ಯಾರದು?

ಹಾಡಿನ ಹೆಸರು ‘ಎನೋಲಾ ಗೇ’. ಕಟ್ಟಿದವರು ಇಂಗ್ಲೆಂಡಿನ ‘ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್’ ಎಂಬ ತಂಡ. ಹೆಸರು ಉದ್ದವಾಯಿತೆಂದು ಎಲ್ಲರೂ ‘ಓಎಂಡಿ’ ಎನ್ನುತ್ತಾರೆ. ಲಿವರ್‌ಪೂಲ್ ಎದುರಿಗೆ, ನದಿಯ ಆಚೆ ದಡದ ವಿರಲ್ ಎಂಬ ಪ್ರದೇಶದ ಇಬ್ಬರು ಹುಡುಗರು ಆಂಡಿ ಮ್ಯಾಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್ 1978ರಲ್ಲಿ ಈ ತಂಡ ಶುರು ಮಾಡಿದರು. ‘ಎನೋಲಾ ಗೇ’ ಹೊರಬಂದದ್ದು 1980ರ ಸೆಪ್ಟೆಂಬರ್‌ನಲ್ಲಿ. ಆಗ ಹಾಡು ಬರೆದ ಮ್ಯಾಕ್ಲಸ್ಕಿಗೆ 21 ವರ್ಷ, ಹಂಫ್ರೀಸ್‌ಗೆ 20.

ಇವರ ಸಂಗೀತಕ್ಕೆ ‘ಸಿಂಥ್‌ಪಾಪ್’ ಎನ್ನುತ್ತಾರೆ. ನಮ್ಮೂರ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಒಬ್ಬರು ಕೀಬೋರ್ಡ್ ನುಡಿಸುತ್ತಾರಲ್ಲ, ಅದೇ ಜಾತಿಯ ವಾದ್ಯ ಸಿಂಥಸೈಸರ್. ಕರೆಂಟಿನಿಂದ ನಾದ ಹುಟ್ಟಿಸುವ ಪೆಟ್ಟಿಗೆ ಅದು. ಇವರ ಹಾಡಿನಲ್ಲಿ ಗಿಟಾರ್‌ಗಿಂತ ಅದರದ್ದೇ ಮುಂದಾಳತ್ವ. ತಾಳಕ್ಕೂ ಯಂತ್ರ. ಮ್ಯಾಕ್ಲಸ್ಕಿ ತಮ್ಮ 16ನೇ ವಯಸ್ಸಿನಲ್ಲಿ, 1975ರಲ್ಲಿ, ಲಿವರ್‌ಪೂಲ್‌ಗೆ ಬಂದಿದ್ದ ಜರ್ಮನಿಯ ‘ಕ್ರಾಫ್ಟ್‌ವೆರ್ಕ್’ ತಂಡದ ಕಾರ್ಯಕ್ರಮ ನೋಡಿ ಈ ದಾರಿ ಹಿಡಿದವರು. ದುಡ್ಡಿರಲಿಲ್ಲ. ಮೊದಲ ಸಿಂಥಸೈಸರ್ ತಂದದ್ದು ಅವರ ತಾಯಿ ಸಾಮಾನು ತರಿಸುತ್ತಿದ್ದ ಕ್ಯಾಟಲಾಗ್‌ನಿಂದ, ವಾರದ ಕಂತಿನ ಮೇಲೆ. ಡ್ರಮ್ ಬಾರಿಸುವವರ ಬದಲಿಗೆ ಟೇಪ್ ರೆಕಾರ್ಡರ್ ಒಂದನ್ನೇ ವೇದಿಕೆ ಮೇಲೆ ಇಟ್ಟು, ಅದಕ್ಕೆ ‘ವಿನ್ಸ್‌ಟನ್’ ಎಂದು ಹೆಸರಿಟ್ಟು, ತಂಡದ ಸದಸ್ಯನಂತೆ ನಡೆಸಿಕೊಂಡರು.

ಈ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ಇಟಲಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಯುರೋಪಿನ ಡಿಸ್ಕೊಗಳಲ್ಲಿ ಜನ ಕುಣಿದರು. ಇಂಗ್ಲಿಷ್ ಬಾರದವರೂ ಕುಣಿದರು, ಹಾಸ್ಟೆಲ್‌ನಲ್ಲಿ ನಾವು ಕುಣಿದ ಹಾಗೆ.

ಹಾಡಿನಲ್ಲಿ ಒಂದು ವಿಶೇಷ ಇದೆ. ಇದಕ್ಕೆ ಬಾಯಲ್ಲಿ ಹಾಡುವ ಪಲ್ಲವಿಯೇ ಇಲ್ಲ. ಪಲ್ಲವಿ ಬರಬೇಕಾದ ಜಾಗದಲ್ಲಿ ಆ ಸಿಂಥಸೈಸರ್‌ನ ರಾಗ ಬರುತ್ತದೆ. ಜನರ ಬಾಯಲ್ಲಿ ಉಳಿದಿರುವುದು ಅದೇ. ಮಾತು ಇರುವುದು ಚರಣಗಳಲ್ಲಿ ಮಾತ್ರ. ಅದನ್ನು ಕಿವಿಗೊಟ್ಟು ಕೇಳಿದವರಿಗೆ ಮಾತ್ರ ವಿಷಯ ತಿಳಿಯುತ್ತದೆ.

ವಿಮಾನಕ್ಕೆ ಆ ಹೆಸರು ಬಂದದ್ದು ಹೇಗೆ?

ಎನೋಲಾ ಗೇ ಎಂಬುದು ಒಬ್ಬ ಹೆಣ್ಣುಮಗಳ ಹೆಸರು. ಎನೋಲಾ ಗೇ ಟಿಬೆಟ್ಸ್. ಅಮೆರಿಕದ ಪೈಲಟ್ ಪಾಲ್ ಟಿಬೆಟ್ಸ್ ಅವರ ತಾಯಿ. ಮಗ ಡಾಕ್ಟರ್ ಆಗಲಿ ಎಂದು ತಂದೆಗೆ ಆಸೆ ಇತ್ತು. ಮಗನಿಗೆ ವಿಮಾನದ ಹುಚ್ಚು. ಮನೆಯಲ್ಲಿ ಮಗನ ಪರ ನಿಂತವರು ತಾಯಿ. ಅದನ್ನು ಮಗ ಮರೆಯಲಿಲ್ಲ. 1945ರ ಆಗಸ್ಟ್‌ನಲ್ಲಿ ತಮ್ಮ ಬದುಕಿನ ಅತಿ ದೊಡ್ಡ ಹಾರಾಟಕ್ಕೆ ಹೊರಡುವ ಮುನ್ನ ವಿಮಾನದ ಮೂತಿಯ ಮೇಲೆ ಅಮ್ಮನ ಹೆಸರು ಬರೆಸಿದರು.

ನಮ್ಮ ಕಡೆ ಲಾರಿ, ಟ್ರ್ಯಾಕ್ಟರ್, ಆಟೊಗಳ ಮೇಲೆ ‘ಅಮ್ಮನ ಆಶೀರ್ವಾದ’ ಎಂದು ಬರೆಸುವುದಿಲ್ಲವೇ? ಅದೇ ಭಾವನೆ. ಆ ಪ್ರೀತಿ ಸುಳ್ಳು ಎಂದು ನಾವು ಹೇಳುವುದಿಲ್ಲ.

ಆದರೆ ಆ ವಿಮಾನದ ಹೊಟ್ಟೆಯಲ್ಲಿ ಇದ್ದದ್ದು ಸುಮಾರು 4,400 ಕಿಲೊ ತೂಕದ ಅಣುಬಾಂಬ್. ಅದಕ್ಕೂ ಒಂದು ಮುದ್ದಿನ ಹೆಸರು: ‘ಲಿಟ್ಲ್ ಬಾಯ್’. ಪುಟ್ಟ ಹುಡುಗ. ಅಮ್ಮನ ಹೊಟ್ಟೆಯಲ್ಲಿ ಪುಟ್ಟ ಹುಡುಗ.

ಆಗಸ್ಟ್ 6ರ ನಸುಕಿನ 2.45ಕ್ಕೆ ಟಿನಿಯನ್ ಎಂಬ ದ್ವೀಪದಿಂದ ಹನ್ನೆರಡು ಮಂದಿ ಸಿಬ್ಬಂದಿಯೊಂದಿಗೆ ವಿಮಾನ ಹೊರಟಿತು. ಜಪಾನಿನ ಹಿರೋಶಿಮಾ ಪಟ್ಟಣದಲ್ಲಿ ಬೆಳಿಗ್ಗೆ ಎಂಟೂಕಾಲು. ಬಾಂಬ್ ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಅದರ ಕೆಳಗಿದ್ದ ನೆಲದ ಮೇಲೆ 3,000ದಿಂದ 4,000 ಡಿಗ್ರಿ ಸೆಲ್ಸಿಯಸ್ ಬಿಸಿ. ಕಬ್ಬಿಣ ಕರಗುವುದು ಸುಮಾರು 1,500 ಡಿಗ್ರಿಯಲ್ಲಿ. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಜನ ಎಂದು ಅಂದಾಜು. ಮೂರು ದಿನದ ಮೇಲೆ ನಾಗಾಸಾಕಿಗೆ ಬಿದ್ದ ಬಾಂಬಿನ ಹೆಸರು ‘ಫ್ಯಾಟ್ ಮ್ಯಾನ್’. ದಪ್ಪನೆಯ ಮನುಷ್ಯ.

ಹೆಸರುಗಳನ್ನು ಮಾತ್ರ ಸಾಲಾಗಿ ಓದಿ. ಅಮ್ಮ, ಪುಟ್ಟ ಹುಡುಗ, ದಪ್ಪನೆಯ ಮನುಷ್ಯ. ಮಕ್ಕಳ ಕಥೆಯ ಪಾತ್ರಗಳ ಹಾಗಿವೆ.

ಇನ್ನೊಬ್ಬ ತಾಯಿ

ಆ ಬೆಳಿಗ್ಗೆ ಹಿರೋಶಿಮಾದಲ್ಲಿ ಶಾಲಾ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬಯಲಿನಲ್ಲಿದ್ದರು. ವಿಮಾನ ದಾಳಿಯಾದರೆ ಬೆಂಕಿ ಒಂದು ಬೀದಿಯಿಂದ ಇನ್ನೊಂದಕ್ಕೆ ಹಬ್ಬಬಾರದೆಂದು ಮನೆಗಳ ಸಾಲನ್ನು ಕೆಡವಿ ಜಾಗ ತೆರವು ಮಾಡುತ್ತಿದ್ದರು. ಆ ಕೆಲಸಕ್ಕೆ ಹನ್ನೆರಡು, ಹದಿಮೂರು ವರ್ಷದ ಮಕ್ಕಳನ್ನೂ ಹಚ್ಚಿದ್ದರು. ಬುತ್ತಿ ಕಟ್ಟಿಕೊಂಡು ಬಂದಿದ್ದರು. ಮಧ್ಯಾಹ್ನದ ಊಟದ ಹೊತ್ತು ಅವರಿಗೆ ಬರಲೇ ಇಲ್ಲ.

ಹಿರೋಶಿಮಾದ ಶಾಂತಿ ವಸ್ತುಸಂಗ್ರಹಾಲಯದಲ್ಲಿ ಒಂದು ಊಟದ ಡಬ್ಬಿ ಇದೆ. ಒಳಗಿನ ಅನ್ನ ಕರಕಲಾಗಿ ಇದ್ದಿಲಿನ ಹಾಗೆ ಕೂತಿದೆ. ಒಬ್ಬ ತಾಯಿ ದಿನಗಟ್ಟಲೆ ಹುಡುಕಿ, ಗುರುತೇ ಸಿಗದ ದೇಹಗಳ ನಡುವೆ ತನ್ನ ಮಗನನ್ನು ಗುರುತು ಹಿಡಿದದ್ದು ಆ ಡಬ್ಬಿಯಿಂದ. ಬೆಳಿಗ್ಗೆ ಕಟ್ಟಿ ಕೊಟ್ಟ ಬುತ್ತಿ ಅದು.

ಒಬ್ಬ ತಾಯಿಯ ಹೆಸರು ವಿಮಾನದ ಮೇಲೆ. ಇನ್ನೊಬ್ಬ ತಾಯಿಯ ಕೈಯಡುಗೆ ಇದ್ದಿಲಾದ ಡಬ್ಬಿಯಲ್ಲಿ. ಓಎಂಡಿ ಹಾಡಿನಲ್ಲಿ ಈ ಡಬ್ಬಿ ಬರುವುದಿಲ್ಲ. ಆದರೆ ಹಾಡು ತಾಯಿಯನ್ನೇ ಹಿಡಿದು ಪ್ರಶ್ನೆ ಕೇಳುತ್ತದೆ: ಈ ಪುಟ್ಟ ಹುಡುಗನ ಬಗ್ಗೆ ಅಮ್ಮನಿಗೆ ಇವತ್ತು ಹೆಮ್ಮೆಯೇ? ವಿಮಾನ ಮನೆಯಿಂದ ಹೊರಡಲೇಬಾರದಿತ್ತು ಎಂಬ ಕೊರಗೂ ಹಾಡಿನಲ್ಲಿದೆ. ಎಂಟೂಕಾಲು ಗಂಟೆಯೂ ಬರುತ್ತದೆ. ಆ ಊರಿನಲ್ಲಿ ಸಿಕ್ಕ ಗಡಿಯಾರಗಳು ಆ ಹೊತ್ತಿಗೇ ನಿಂತಿದ್ದವು, ಹಾಡಿನಲ್ಲೂ ಹೊತ್ತು ಅಲ್ಲೇ ನಿಂತಿದೆ.

ಮ್ಯಾಕ್ಲಸ್ಕಿಗೆ ಎರಡನೇ ಮಹಾಯುದ್ಧದ ವಿಮಾನಗಳ ಬಗ್ಗೆ ಬಹಳ ಕುತೂಹಲ ಇತ್ತು. ವಿಮಾನ ಇಷ್ಟ, ಅದು ಮಾಡಿದ ಕೆಲಸ ನುಂಗಲಾಗದು. ಈ ಇಕ್ಕಟ್ಟು ಹಾಡಿನಲ್ಲಿ ಕಾಣುತ್ತದೆ. ಅದು ಘೋಷಣೆ ಕೂಗುವುದಿಲ್ಲ. ಕೇಳುತ್ತದೆ, ಅಷ್ಟೇ.

ಇನ್ನೊಂದು ಮಾತನ್ನೂ ಹೇಳಬೇಕು. ಬಾಂಬ್ ಹಾಕದಿದ್ದರೆ ಯುದ್ಧ ಇನ್ನೂ ಎಳೆದು ಇನ್ನಷ್ಟು ಜನ ಸಾಯುತ್ತಿದ್ದರು ಎಂದು ವಾದಿಸುವವರು ಅಮೆರಿಕದಲ್ಲಿ ಬಹಳ ಜನ ಇದ್ದಾರೆ. ಪಾಲ್ ಟಿಬೆಟ್ಸ್ 2007ರಲ್ಲಿ ತೀರಿಕೊಳ್ಳುವವರೆಗೂ ತಮಗೆ ಪಶ್ಚಾತ್ತಾಪ ಇಲ್ಲ ಎಂದೇ ಹೇಳಿದರು. ಜಪಾನಿನ ಸೈನ್ಯ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ ಕ್ರೌರ್ಯವೂ ಸಣ್ಣದಲ್ಲ. ಇವೆಲ್ಲ ಚರ್ಚೆಯಾಗಲಿ. ಆದರೆ ಚರ್ಚೆಯಲ್ಲಿ ಯಾವ ಕಡೆ ನಿಂತರೂ ಆ ಡಬ್ಬಿ ಮೇಜಿನ ಮೇಲೆ ಇರಬೇಕು ಎಂಬುದು ನಮ್ಮ ಮಾತು.

ಅದು ಇರಲಿಲ್ಲ ಎಂಬುದಕ್ಕೂ ಉದಾಹರಣೆ ಇದೆ. 1995ರಲ್ಲಿ, ಬಾಂಬ್ ಬಿದ್ದು 50 ವರ್ಷ ತುಂಬಿದಾಗ, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಈ ವಿಮಾನದ ಪ್ರದರ್ಶನಕ್ಕೆ ತಯಾರಿ ನಡೆಸಿತ್ತು. ಜೊತೆಗೆ ಸತ್ತವರ ವಸ್ತುಗಳನ್ನೂ, ಶಾಲಾ ಮಗುವೊಂದರ ಸುಟ್ಟ ಊಟದ ಡಬ್ಬಿಯನ್ನೂ ಇಡಬೇಕೆಂದಿತ್ತು. ಮಾಜಿ ಸೈನಿಕರ ಸಂಘಗಳು, ರಾಜಕಾರಣಿಗಳು ವಿರೋಧಿಸಿದರು. ಆ ಪ್ರದರ್ಶನ ರದ್ದಾಯಿತು. ವಿಮಾನದ ಭಾಗವನ್ನು ಮಾತ್ರ ಇಟ್ಟರು. ಡಬ್ಬಿ ಬರಲಿಲ್ಲ. ಇವತ್ತು ವರ್ಜೀನಿಯಾದ ಒಂದು ದೊಡ್ಡ ಹ್ಯಾಂಗರ್‌ನಲ್ಲಿ ಎನೋಲಾ ಗೇ ಬೆಳ್ಳಿಯ ಹಾಗೆ ಹೊಳೆಯುತ್ತಾ ನಿಂತಿದೆ. ಅಮ್ಮನ ಹೆಸರೂ ಸ್ಪಷ್ಟವಾಗಿ ಕಾಣುತ್ತದೆ.

ಹಾಡು ಬಂದ ಹೊತ್ತು

1980ರಲ್ಲಿ ಇಂಗ್ಲೆಂಡಿನ ಹುಡುಗರು ಹಳೆಯ ಬಾಂಬಿನ ಹಾಡು ಕಟ್ಟಿದ್ದು ಯಾಕೆ? ಹೊಸ ಬಾಂಬಿನ ಭಯ ಅವರ ಮನೆ ಬಾಗಿಲಿಗೇ ಬಂದಿತ್ತು. ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳನ್ನು ಗ್ರೀನ್‌ಹ್ಯಾಮ್ ಕಾಮನ್ ಎಂಬ ಕಡೆ ಇಡುತ್ತೇವೆ ಎಂದು ಬ್ರಿಟನ್ ಸರ್ಕಾರ ಆ ವರ್ಷವೇ ಹೇಳಿತ್ತು. ಅದೇ ವರ್ಷ ಸರ್ಕಾರ ಒಂದು ಪುಸ್ತಿಕೆ ಮಾರಾಟಕ್ಕೆ ಬಿಟ್ಟಿತು. ಅದರ ಹೆಸರಿನ ಅರ್ಥ ‘ಕಾಪಾಡಿಕೊಳ್ಳಿ, ಬದುಕಿಕೊಳ್ಳಿ’. ಅಣುಬಾಂಬ್ ಬೀಳುವ ಹಾಗಿದ್ದರೆ ಕಿಟಕಿ ಗಾಜಿಗೆ ಬಿಳಿ ಬಣ್ಣ ಬಳಿಯಿರಿ, ಮನೆಯ ಬಾಗಿಲುಗಳನ್ನು ಕಿತ್ತು ಗೋಡೆಗೆ ಒರಗಿಸಿ ಅದರ ಕೆಳಗೆ ಕೂರಿ, ಹದಿನಾಲ್ಕು ದಿನಕ್ಕೆ ಊಟ ನೀರು ಇಟ್ಟುಕೊಳ್ಳಿ ಎಂದೆಲ್ಲ ಅದರಲ್ಲಿತ್ತು.

4,000 ಡಿಗ್ರಿಗೆ ಒಂದು ಮರದ ಬಾಗಿಲು ಅಡ್ಡ. ಹೆಸರು ಮಾತ್ರ ‘ಬದುಕಿಕೊಳ್ಳಿ’.

ಇತಿಹಾಸಕಾರ ಇ. ಪಿ. ಥಾಂಪ್ಸನ್ ಆ ಹೆಸರನ್ನೇ ತಿರುಗಿಸಿ ‘ಪ್ರತಿಭಟಿಸಿ, ಬದುಕಿಕೊಳ್ಳಿ’ ಎಂಬ ಅರ್ಥದ ಕಿರುಹೊತ್ತಿಗೆ ಬರೆದರು. ಹಾಡು ಹೊರಬಂದ ಮರುತಿಂಗಳೇ, ಅಕ್ಟೋಬರ್‌ನಲ್ಲಿ, ಲಂಡನ್ನಿನಲ್ಲಿ ಅದೇ ಘೋಷಣೆ ಹಿಡಿದು ಸಾವಿರಾರು ಜನ ಸೇರಿದರು. 1981ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಹೆಣ್ಣುಮಕ್ಕಳ ಗುಂಪೊಂದು ನಡೆದುಕೊಂಡು ಗ್ರೀನ್‌ಹ್ಯಾಮ್‌ಗೆ ಬಂದು ಬೇಲಿಯ ಹೊರಗೆ ಡೇರೆ ಹಾಕಿತು. ಆ ಶಿಬಿರ 2000ದವರೆಗೂ ನಡೆಯಿತು. ಇವರಲ್ಲಿ ಎಷ್ಟೋ ಮಂದಿ ತಾಯಂದಿರು.

ಒಂದು ಹಾಡಿನಿಂದ ಇದೆಲ್ಲ ಆಯಿತು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಪೇಪರ್ ಓದದ, ಸಭೆಗೆ ಹೋಗದ ಹುಡುಗ ಹುಡುಗಿಯರ ಬಾಯಿಗೂ ಆ ಹೆಸರನ್ನು ತಂದದ್ದು ಈ ಹಾಡು.

ಹೆಸರಿಗೇ ಬೆದರಿದವರು

ಇಲ್ಲೊಂದು ತಮಾಷೆ ಇದೆ. ‘ಗೇ’ ಎಂಬ ಇಂಗ್ಲಿಷ್ ಪದಕ್ಕೆ ಹಿಂದೆ ಖುಷಿಯಾಗಿರುವ ಎಂಬ ಅರ್ಥ ಇತ್ತು. ಆಮೇಲೆ ಸಲಿಂಗ ಪ್ರೇಮಿಗಳಿಗೆ ಆ ಪದ ಬಳಕೆಯಾಯಿತು. ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೂ ಹಾಡಿನ ಹೆಸರಿನಲ್ಲಿ ಆ ಪದ ಇದೆ ಎಂದು ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಇದನ್ನು ಹಾಕಲಿಲ್ಲ. ಬಾಂಬ್ ಅವರಿಗೆ ತೊಂದರೆ ಎನಿಸಲಿಲ್ಲ, ಹೆಸರು ಎನಿಸಿತು. 2025ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸಂಗ್ರಹದಿಂದ ತೆಗೆದುಹಾಕಬೇಕಾದ ಫೋಟೊಗಳನ್ನು ಗುರುತು ಮಾಡಿದಾಗ, ಆ ಪಟ್ಟಿಯಲ್ಲಿ ಈ ವಿಮಾನದ ಫೋಟೊಗಳೂ ಸೇರಿದ್ದವು ಎಂದು ಸುದ್ದಿಯಾಯಿತು. ಹೆಸರಿನಲ್ಲಿ ಆ ಮೂರಕ್ಷರದ ಇಂಗ್ಲಿಷ್ ಪದ ಇದ್ದದ್ದೇ ಕಾರಣವಿರಬೇಕು ಎಂದು ತಿಳಿಯಲಾಯಿತು.

ಹೆಸರು ನೋಡಿ ಒಳಗೇನಿದೆ ಎಂದು ತೀರ್ಮಾನಿಸಿದರೆ ಹೀಗೇ ಆಗುವುದು.

ಕುಣಿಸುವ ರಾಗ ತಪ್ಪೇ?

ಈಗ ನಮ್ಮ ಹಳೆಯ ಸಿಟ್ಟಿಗೆ ಬರೋಣ. ಸಾವಿನ ಸಂಗತಿಗೆ ಹಗುರ ರಾಗ ಹಾಕಿದರೆ ಸತ್ತವರಿಗೆ ಅವಮಾನ ಅಲ್ಲವೇ?

ನಮ್ಮದೇ ‘ಕೆರೆಗೆ ಹಾರ’ವನ್ನು ನೆನೆಯಿರಿ. ಹೆಸರು ಕೇಳಿದರೆ ಹೂವಿನ ಹಾರ ಕಣ್ಣಿಗೆ ಬರುತ್ತದೆ. ಒಳಗಿರುವುದು ಕೆರೆಯಲ್ಲಿ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಕಥೆ. ನಮ್ಮ ಹೆಣ್ಣುಮಕ್ಕಳು ಅದನ್ನು ಎದೆ ಬಡಿದುಕೊಂಡು ಹಾಡಲಿಲ್ಲ. ಒಂದೇ ಲಯದಲ್ಲಿ, ಸಮಾಧಾನದ ಧಾಟಿಯಲ್ಲಿ ಹಾಡಿಕೊಂಡು ಬಂದರು. ಆ ಧಾಟಿ ಇದ್ದದ್ದರಿಂದಲೇ ಅದು ಒಬ್ಬರ ಬಾಯಿಂದ ಒಬ್ಬರಿಗೆ ದಾಟಿ ಇವತ್ತಿನವರೆಗೆ ಉಳಿಯಿತು. ಗೋಳಾಟ ಒಂದು ರಾತ್ರಿಗೆ ಮುಗಿಯುತ್ತದೆ. ಹಾಡು ತಲೆಮಾರು ದಾಟುತ್ತದೆ.

‘ಎನೋಲಾ ಗೇ’ ಮಾಡುವುದೂ ಇದನ್ನೇ. ಮೇಲೆ ನೋಡಿದ ಹೆಸರುಗಳನ್ನು ಮತ್ತೆ ನೆನೆಯಿರಿ. ಘೋರ ಕೆಲಸವನ್ನು ಅಮ್ಮ, ಪುಟ್ಟ ಹುಡುಗ ಎಂಬ ಸಿಹಿ ಹೆಸರುಗಳ ಒಳಗೆ ಇಟ್ಟು ಕಳಿಸಿದರು. ಹಾಡು ಅದೇ ಕೆಲಸವನ್ನು ಸಿಹಿ ರಾಗದ ಒಳಗೆ ಇಟ್ಟು ನಮ್ಮ ಕೈಗೆ ಕೊಡುತ್ತದೆ. ವ್ಯತ್ಯಾಸ ಒಂದೇ. ಆ ಹೆಸರುಗಳು ಒಳಗಿನದನ್ನು ಮರೆಸಲು ಇದ್ದವು. ಈ ರಾಗ ಒಳಗಿನದರ ಹತ್ತಿರ ಕರೆದುಕೊಂಡು ಹೋಗುತ್ತದೆ. ಕುಣಿದಾದ ಮೇಲೆ ವಿಷಯ ತಿಳಿದಾಗ ಒಂದು ಮುಜುಗರ ಆಗುತ್ತದೆಯಲ್ಲ, ಬಕೆಟ್ ಬಡಿಯುವ ಕೈ ನಿಲ್ಲುತ್ತದೆಯಲ್ಲ, ಆ ಕ್ಷಣಕ್ಕಾಗಿಯೇ ಈ ರಾಗ ಹೀಗಿರಬೇಕು. ದುಃಖದ ರಾಗ ಹಾಕಿದ್ದರೆ ನಾವು ಅವತ್ತು ಎರಡನೇ ಸಲ ಕೇಳುತ್ತಲೇ ಇರಲಿಲ್ಲ.

ಕುಣಿದು ಮರೆತವರು ಸಾವಿರಾರು ಜನ ಇದ್ದಾರೆ, ನಿಜ. ಆದರೆ ಅದು ಕೇಳುವವರ ಕೆಲಸ ಅರ್ಧಕ್ಕೆ ನಿಂತದ್ದು. ಹಾಡಿನ ತಪ್ಪಲ್ಲ.

ನಕ್ಕ ಬುದ್ಧ

ಇಂಗ್ಲೆಂಡಿನವರು, ಅಮೆರಿಕದವರು ಎಂದು ಬೆರಳು ತೋರಿಸಿ ಸುಮ್ಮನಾಗುವ ಹಾಗಿಲ್ಲ. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ ನಮ್ಮ ದೇಶ ಮೊದಲ ಅಣು ಸ್ಫೋಟ ಪರೀಕ್ಷೆ ನಡೆಸಿತು. ಅದು ಜನರ ನೆನಪಿನಲ್ಲಿ ಉಳಿದಿರುವ ಹೆಸರು ‘ನಗುವ ಬುದ್ಧ’. ಸರ್ಕಾರ ಅದನ್ನು ‘ಶಾಂತಿಯುತ’ ಸ್ಫೋಟ ಎಂದಿತು.

ಆ ಕೆಲಸದ ಮುಂದಾಳುಗಳಲ್ಲಿ ಒಬ್ಬರು ನಮ್ಮ ತುಮಕೂರು ಜಿಲ್ಲೆಯವರೇ ಆದ ವಿಜ್ಞಾನಿ ರಾಜಾ ರಾಮಣ್ಣ. ಅವರು ಒಳ್ಳೆಯ ಪಿಯಾನೊ ವಾದಕರೂ ಹೌದು. ಸಂಗೀತದ ಮೇಲೆ ಪುಸ್ತಕವನ್ನೇ ಬರೆದರು. ಅವರ ವಿದ್ವತ್ತಿನ ಬಗ್ಗೆ ನಮಗೆ ಗೌರವ ಇದೆ. ದೇಶಕ್ಕೆ ಬಾಂಬ್ ಬೇಕಿತ್ತೇ ಬೇಡವೇ ಎಂಬುದು ನಮ್ಮೊಳಗೇ ಒಮ್ಮತ ಇಲ್ಲದ ಪ್ರಶ್ನೆ. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಆದರೆ ಹೆಸರಿನ ವಿಚಾರದಲ್ಲಿ ನಮ್ಮೆಲ್ಲರದೂ ಒಂದೇ ಮಾತು. ಬುದ್ಧನ ನಗುವಿಗೂ ಬಾಂಬಿಗೂ ಏನು ಸಂಬಂಧ? ಬೇಕು ಎನ್ನುವವರು ಬಾಂಬ್ ಎಂದೇ ಹೇಳಿ ಬೇಕು ಎನ್ನಲಿ.

ನಮ್ಮ ಹೊಲದಲ್ಲೂ

ನಾವು ಪತ್ರಿಕೋದ್ಯಮ ಓದಿದವರು. ಹಳ್ಳಿಯಿಂದ ಬಂದು ಹಳ್ಳಿಗೇ ಬರೆಯುವವರು. ಈ ಹಾಡಿನಿಂದ ನಾವು ಕಲಿತದ್ದು ಒಂದು ಅಭ್ಯಾಸ. ಹೆಸರು ಎಷ್ಟು ಸಿಹಿಯಾಗಿದೆಯೋ ಅಷ್ಟು ಜಾಗ್ರತೆಯಿಂದ ಒಳಗೆ ನೋಡುವುದು.

ಒಂದು ಉದಾಹರಣೆ ಸಾಕು. ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಮನೆಗಳಲ್ಲಿ ಏನೆನ್ನುತ್ತಾರೆ? ‘ಔಷಧಿ’. ಕೆಲವು ಕಡೆ ‘ಎಣ್ಣೆ’. “ಹೊಲಕ್ಕೆ ವಿಷ ಹೊಡೆದು ಬಂದೆ” ಎಂದು ಯಾರೂ ಹೇಳುವುದಿಲ್ಲ. ‘ಔಷಧಿ ಹೊಡೆದು ಬಂದೆ’ ಎನ್ನುತ್ತೇವೆ. ಹೆಸರು ಔಷಧಿ ಆದ್ದರಿಂದ ಮೂಗಿಗೆ ಬಟ್ಟೆ ಕಟ್ಟುವುದಿಲ್ಲ. ಔಷಧಿ ಆದ್ದರಿಂದ ಡಬ್ಬಿಯನ್ನು ಅಡುಗೆಮನೆಯ ಪಕ್ಕದ ಗೂಡಿನಲ್ಲೇ ಇಡುತ್ತೇವೆ. ಖಾಲಿಯಾದ ಮೇಲೆ ತೊಳೆದು ನೀರು ತುಂಬಿಡುವುದನ್ನೂ ನಾವು ನೋಡಿದ್ದೇವೆ. ಮೋಸ ಮಾಡಲೆಂದು ಯಾರೂ ಈ ಹೆಸರಿಟ್ಟಿಲ್ಲ. ಬೆಳೆಯ ಮೇಲಿನ ಪ್ರೀತಿಯಿಂದಲೇ ಬಂದಿದೆ. ಟಿಬೆಟ್ಸ್ ಅಮ್ಮನ ಹೆಸರು ಬರೆಸಿದ್ದೂ ಪ್ರೀತಿಯಿಂದಲೇ. ಪ್ರೀತಿಯಿಂದ ಇಟ್ಟ ಹೆಸರೂ ಕಣ್ಣು ಕಟ್ಟಬಲ್ಲದು.

ನಮ್ಮಲ್ಲಿ ಒಬ್ಬಳು ಹೋದ ಮುಂಗಾರಿನಲ್ಲಿ ಮನೆಯ ಡಬ್ಬಿಗಳ ಮೇಲೆ ಮಾರ್ಕರ್ ಪೆನ್ನಿನಿಂದ ದೊಡ್ಡದಾಗಿ ‘ವಿಷ’ ಎಂದು ಬರೆದಳು. ಅವಳ ಅಪ್ಪ ಮೊದಲು ರೇಗಿದರು, “ಮನೆಯೊಳಗೆ ಅಂಥ ಮಾತು ಬರೀಬ್ಯಾಡ” ಎಂದು. ಎರಡು ದಿನ ಬಿಟ್ಟು ತಾವೇ ಡಬ್ಬಿಗಳನ್ನು ಎತ್ತಿಕೊಂಡು ಹೋಗಿ ಪಂಪ್‌ಹೌಸ್‌ನಲ್ಲಿಟ್ಟು ಬೀಗ ಹಾಕಿದರು. ಹೆಸರು ಬದಲಾದ ಮೇಲೆ ವಸ್ತುವಿನ ಜಾಗವೂ ಬದಲಾಯಿತು.

2024ರ ನೊಬೆಲ್ ಶಾಂತಿ ಪ್ರಶಸ್ತಿ ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕಿ ಉಳಿದವರ ಸಂಘಟನೆ ‘ನಿಹೋನ್ ಹಿದಾಂಕ್ಯೊ’ಗೆ ಸಿಕ್ಕಿತು. ಆ ಬೆಳಿಗ್ಗೆ ಮಕ್ಕಳಾಗಿದ್ದವರು ಇವತ್ತು ಎಂಬತ್ತು ದಾಟಿದ್ದಾರೆ. ಅವರು ಇಷ್ಟು ವರ್ಷ ಮಾಡಿದ್ದು ಒಂದೇ ಕೆಲಸ. ಆದದ್ದನ್ನು ಆದ ಹಾಗೆ, ಅದರ ನಿಜವಾದ ಹೆಸರು ಹಿಡಿದು ಹೇಳುವುದು. ಅವರ ಕಾಲ ಮುಗಿದ ಮೇಲೂ ಆ ಮಾತನ್ನು ಯಾವುದಾದರೂ ಹೊತ್ತು ಸಾಗಬೇಕಲ್ಲ. ಪುಸ್ತಕ ಹೊರುತ್ತದೆ, ಡಬ್ಬಿ ಹೊರುತ್ತದೆ. ಮೂರೂವರೆ ನಿಮಿಷದ ಒಂದು ಕುಣಿತದ ಹಾಡೂ ಹೊರುತ್ತದೆ.

ನೆಟ್‌ವರ್ಕ್ ಸಿಕ್ಕಾಗ ‘ಎನೋಲಾ ಗೇ’ ಕೇಳಿ. ಮೊದಲ ಸಲ ಕಾಲು ತಾನಾಗಿ ಕುಣಿದರೆ ಕುಣಿಯಲಿ, ಬೇಸರ ಬೇಡ. ಎರಡನೇ ಸಲ ಕೇಳುವಾಗ ಆ ಊಟದ ಡಬ್ಬಿಯನ್ನು ನೆನೆಯಿರಿ.